ಬ್ಲೂ ಸ್ಪ್ರಿಂಗ್‌ನಲ್ಲಿ ಗಾರ್ ಮೀನು: ಮೊದಲು ನೆರಳು ಹುಡುಕಿ, ಆಮೇಲೆ ಮೂತಿ ನೋಡಿ

ಚಳಿಗಾಲದಲ್ಲಿ ಫ್ಲಾರಿಡಾದ ಬ್ಲೂ ಸ್ಪ್ರಿಂಗ್ ಸ್ಟೇಟ್ ಪಾರ್ಕ್‌ಗೆ ಬರುವವರಲ್ಲಿ ಹೆಚ್ಚಿನವರು ಮ್ಯಾನಟಿ, ಅಂದರೆ ನೀರಲ್ಲೇ ಬದುಕುವ ಕಡಲಹಸು, ನೋಡಲು ಬರುತ್ತಾರೆ. ನಾವೂ ಅದಕ್ಕೇ ಹೋಗಿದ್ದು. ತೀರ್ಥಹಳ್ಳಿಯಿಂದ ಬಂದಿದ್ದ ಅಪ್ಪಯ್ಯನಿಗೆ ಆ ಎಮ್ಮೆ ಗಾತ್ರದ ಪ್ರಾಣಿಗಳನ್ನು ತೋರಿಸಬೇಕಿತ್ತು. ಅವರು ಹತ್ತು ನಿಮಿಷ ನೋಡಿದರು. "ಎಲ್ಲಾ ಮಲಗೇ ಇದಾವಲ್ಲ ಮಾರಾಯ, ಏಳೋದೇ ಇಲ್ವಾ?" ಅಂದರು. ಆಮೇಲೆ ಕಟಕಟೆಗೆ ಒರಗಿ ಬೇರೆ ಕಡೆ ಕಣ್ಣು ಹಾಯಿಸಿದರು.

"ಅಲ್ಲಿ ನೋಡು. ಆ ಕೋಲು ಸೆಳವಿಗೆ ಎದುರಾಗಿ ನಿಂತಿದೆ."

ಕೋಲು ಎಲ್ಲಾದರೂ ಸೆಳವಿಗೆ ಎದುರು ನಿಲ್ಲುತ್ತಾ? ಅದು ಗಾರ್, ಕೋಲಿನಂಥ ಮೈ, ಉದ್ದ ಮೂತಿಯ ನದಿ ಮೀನು. ಅವತ್ತು ಮಧ್ಯಾಹ್ನದವರೆಗೆ ನಾವು ಮ್ಯಾನಟಿ ಕಡೆ ತಿರುಗಿ ನೋಡಿದ್ದು ಕಡಿಮೆ.

ಇದು ನನ್ನ ಎರಡನೇ ಪ್ರಯತ್ನ. ಹಿಂದಿನ ವರ್ಷ ಒಂಬತ್ತೂವರೆಗೆ ಎದ್ದು, ದೋಸೆ ತಿಂದು, ಆರಾಮವಾಗಿ ಹೊರಟಿದ್ದೆ. ತಲುಪುವಷ್ಟರಲ್ಲಿ ಕಾರುಗಳ ಸಾಲು ರಸ್ತೆಯವರೆಗೆ ಬಂದಿತ್ತು. ಒಳಗೆ ಜಾಗ ತುಂಬಿದರೆ ಗೇಟು ಹಾಕಿಬಿಡುತ್ತಾರೆ. ಸುಮ್ನೆ ವಾಪಸ್ ಬಂದೆ. ಆದ್ದರಿಂದ ಮೊದಲ ಮಾತು: ಬೆಳಿಗ್ಗೆ 8ಕ್ಕೆ ಗೇಟು ತೆರೆಯುತ್ತದೆ, ಅದಕ್ಕಿಂತ ಮುಂಚೆ ಅಲ್ಲಿರಿ. ಒರ್ಲ್ಯಾಂಡೊದಿಂದ ಉತ್ತರಕ್ಕೆ ಸುಮಾರು ಮುಕ್ಕಾಲು ಗಂಟೆ ದಾರಿ, ಊರಿನ ಹೆಸರು ಆರೆಂಜ್ ಸಿಟಿ. ನಾವು ಹೋದಾಗ ಕಾರಿಗೆ 6 ಡಾಲರ್ ಇತ್ತು. ಫ್ಲಾರಿಡಾ ಅಂತ ಟೀ ಶರ್ಟಿನಲ್ಲಿ ಹೋಗಬೇಡಿ. ಜನವರಿ ಬೆಳಿಗ್ಗೆ ನಾಲ್ಕೈದು ಡಿಗ್ರಿಗೆ ಇಳಿಯುವುದುಂಟು. ಅಪ್ಪಯ್ಯ ಮಂಗನ ಟೋಪಿ ಹಾಕಿಕೊಂಡೇ ಬಂದಿದ್ದರು, ನನಗಿಂತ ಅವರೇ ಬೆಚ್ಚಗಿದ್ದರು.

ನೆಲದೊಳಗಿಂದ ಉಕ್ಕುವ ನೀರು ಇಲ್ಲಿ ವರ್ಷವಿಡೀ 22ರಿಂದ 23 ಡಿಗ್ರಿ. ಅದು ಸಣ್ಣ ತೊರೆಯಾಗಿ ಹರಿದು ಸೇಂಟ್ ಜಾನ್ಸ್ ನದಿಗೆ ಸೇರುತ್ತದೆ. ನದಿ ತಣ್ಣಗಾದಾಗ ಮ್ಯಾನಟಿಗಳು ಈ ತೊರೆಗೆ ನುಗ್ಗುತ್ತವೆ. 2024ರ ಜನವರಿಯಲ್ಲಿ ಒಂದೇ ದಿನ ಎಣಿಸಿದ್ದು 900ಕ್ಕೂ ಜಾಸ್ತಿ. ನದಿಯ ನೀರು ಎಲೆ, ಬೇರು ಕೊಳೆತು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ತೊರೆಯ ನೀರು ಗಾಜಿನಂತೆ ತಿಳಿ. ಎರಡೂ ಸೇರುವಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ. ಗಾರ್ ನದಿಯ ತುಂಬಾ ಇದೆ, ಆದರೆ ಆ ಡಿಕಾಕ್ಷನ್ನಿನಲ್ಲಿ ಏನೂ ಕಾಣದು. ಪಾರ್ಕಿನಿಂದ ಹೊರಡುವ ದೋಣಿಯಲ್ಲಿ ಹೋದರೂ ಮೀನು ಮೇಲೆ ಬಂದ ಒಂದು ಕ್ಷಣ ಬೆನ್ನು ಕಂಡರೆ ಪುಣ್ಯ. ತೊರೆಯಲ್ಲಾದರೆ ಕಣ್ಣು ಎಲ್ಲಿದೆ ಅಂತಲೂ ಹೇಳಬಹುದು.

ತೊರೆಯ ಪಕ್ಕದಲ್ಲೇ ಮರದ ಹಲಗೆಯ ದಾರಿ ಇದೆ, ಅರ್ಧ ಕಿಲೋಮೀಟರಿನಷ್ಟು, ನೀರು ಉಕ್ಕುವ ಬಾಯಿಯವರೆಗೆ. ವಯಸ್ಸಾದವರೂ ಆರಾಮಾಗಿ ನಡೆಯಬಹುದು. ನವೆಂಬರ್ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ನೀರಿಗೆ ಇಳಿಯುವಂತಿಲ್ಲ, ದೋಣಿ ಹಾಕುವಂತಿಲ್ಲ. ಮೀನು ನೋಡುವವರಿಗೆ ಅದೇ ಲಾಭ.

ಹುಡುಕುವುದು ಹೇಗೆ? ಮೀನನ್ನು ಹುಡುಕಬೇಡಿ, ನೆರಳನ್ನು ಹುಡುಕಿ. ಎಂಟು ಗಂಟೆಗೆ ನೀರಿನ ಮೇಲೆ ಹಬೆ ಏಳುತ್ತಿರುತ್ತದೆ, ಏನೂ ಕಾಣಲ್ಲ. ಆಗ ಬೇಕಾದರೆ ಮ್ಯಾನಟಿ ನೋಡಿಕೊಳ್ಳಿ. ಹತ್ತರ ಹೊತ್ತಿಗೆ ಬಿಸಿಲು ಮರಗಳ ಮೇಲಿಂದ ಇಳಿಯುತ್ತದೆ. ಆಗ ತಳದ ಬಿಳಿ ಮರಳಿನ ಮೇಲೆ ಪೆನ್ಸಿಲಿನಂಥ ಕಪ್ಪು ಗೀಟು ಬೀಳುತ್ತದೆ. ಅದರಿಂದ ಸ್ವಲ್ಪ ಮೇಲೆ ನೋಡಿದರೆ ಮೀನು ಸಿಗುತ್ತದೆ. ನಮಗೆ ಜಾಸ್ತಿ ಸಿಕ್ಕಿದ್ದು ಬಿದ್ದ ಮರಗಳ ಪಕ್ಕ, ಸೆಳವು ಕಡಿಮೆ ಇರುವಲ್ಲಿ. ನೀರಿನ ಮೇಲಿನ ಹೊಳಪು ಕಡಿಮೆ ಮಾಡುವ ಪೋಲರೈಸ್ಡ್ ಕನ್ನಡಕ ಇಲ್ಲದೆ ಹೋಗಬೇಡಿ. ನಾನು ಅಗ್ಗಕ್ಕೆ ಸಿಕ್ಕಿತೆಂದು ತಂದದ್ದು ಬರೀ ಕಪ್ಪು ಗಾಜು, ಆಕಾಶದ ಹೊಳಪು ಹಾಗೇ ಉಳಿಯಿತು. ಕೊಳ್ಳುವಾಗ ಮೊಬೈಲ್ ಪರದೆಯ ಮುಂದೆ ಹಿಡಿದು ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾದರೆ ಸರಿಯಾದ ಮಾಲು.

ಈಗ ಗುರುತಿಸುವ ವಿಷಯ. ಜಗತ್ತಿನಲ್ಲಿ ಗಾರ್ ಏಳು ಜಾತಿ. ಈ ತೊರೆಯಲ್ಲಿ ನೋಡಬೇಕಾದ್ದು ಎರಡೇ: ಲಾಂಗ್‌ನೋಸ್ ಗಾರ್ ಮತ್ತು ಫ್ಲಾರಿಡಾ ಗಾರ್. ಅಲಿಗೇಟರ್ ಗಾರ್ ಕಂಡೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಈ ರಾಜ್ಯದ ಪಶ್ಚಿಮ ತುದಿಯ ನದಿಗಳದ್ದು. ಲಾಂಗ್‌ನೋಸ್‌ನ ಮೂತಿ ಹೆಣಿಗೆ ಕಡ್ಡಿಯ ಹಾಗೆ ಸಪೂರ, ತಲೆಯ ಉಳಿದ ಭಾಗದ ಎರಡರಷ್ಟಾದರೂ ಉದ್ದ. ಫ್ಲಾರಿಡಾ ಗಾರ್‌ನದ್ದು ಗಿಡ್ಡ, ಅಗಲ, ಬಾತುಕೋಳಿಯ ಕೊಕ್ಕು ನೆನಪಾಗುತ್ತದೆ. ಮೂತಿ ಸರಿಯಾಗಿ ಕಾಣದಿದ್ದರೆ ನೆತ್ತಿ ನೋಡಿ. ತಲೆಯ ಮೇಲೂ ಚುಕ್ಕೆ ಒತ್ತಾಗಿದ್ದರೆ ಫ್ಲಾರಿಡಾ ಗಾರ್. ದೊಡ್ಡ ಲಾಂಗ್‌ನೋಸ್‌ಗೆ ಚುಕ್ಕೆ ಇರುವುದು ಹೆಚ್ಚಾಗಿ ಹಿಂಬದಿಯಲ್ಲಿ, ಬಾಲ ಮತ್ತು ರೆಕ್ಕೆಯ ಮೇಲೆ. ಬಣ್ಣವನ್ನು ಮಾತ್ರ ನಂಬಬೇಡಿ, ಮೋಡ ಬಂದು ಹೋದರೆ ಅದೇ ಮೀನು ಹಸಿರಿನಿಂದ ಕಂದಾಗುತ್ತದೆ. ಎರಡಕ್ಕೂ ಬೆನ್ನಿನ ರೆಕ್ಕೆ ತೀರಾ ಹಿಂದೆ, ಬಾಲದ ಹತ್ತಿರ ಇರುತ್ತದೆ. ತಳದಲ್ಲಿ ಅಂಟಿಕೊಂಡಿರುವ ಕಪ್ಪು ಮೀನುಗಳು ಗಾರ್ ಅಲ್ಲ. ಬೆಂಗಳೂರಿನ ಅಕ್ವೇರಿಯಂ ಅಂಗಡಿಯಲ್ಲಿ ಸಕರ್ ಅಂತ ಮಾರುತ್ತಾರಲ್ವಾ, ಅದರ ಬಳಗ, ಇಲ್ಲಿಗೂ ಹೊರಗಿಂದ ಬಂದು ಸೇರಿದ್ದು.

ನಮ್ಮ ಕಡೆಯ ಸೂಜಿ ಮೀನಿಗೂ ಇಂಗ್ಲಿಷಿನಲ್ಲಿ ಗಾರ್ ಎನ್ನುವುದುಂಟು. ಸಂಬಂಧ ಏನೂ ಇಲ್ಲ. ಆದರೆ ನಿಜವಾದ ಗಾರ್ ಒಂದು ಕಾಲಕ್ಕೆ ನಮ್ಮಲ್ಲೂ ಇತ್ತು. ಡೈನೋಸಾರ್ ಕಾಲದ ಕೊನೆಯಲ್ಲಿ ದಖ್ಖನ್ನಿನ ಲಾವಾ ಹರಿಯಿತಲ್ಲ, ಆ ಪದರಗಳ ನಡುವೆ, ಕೆಳಗೆ ಅದರ ಗಟ್ಟಿ ಹುರುಪೆಗಳು ಕಲ್ಲಾಗಿ ಸಿಕ್ಕಿವೆ.

ಒಂದು ಮೀನನ್ನೇ ಹಿಡಿದು ಕಾಯಿರಿ. ನಾವು ಕಾದದ್ದು ಒಂದು ಲಾಂಗ್‌ನೋಸ್‌ಗೆ, ನನ್ನ ಸೊಂಟದ ಎತ್ತರದಷ್ಟು ಉದ್ದವಿತ್ತು. ಬಹಳ ಹೊತ್ತು ರೆಕ್ಕೆ ಬಿಟ್ಟು ಬೇರೇನೂ ಅಲುಗಲಿಲ್ಲ. ಆಮೇಲೆ ಮೆಲ್ಲಗೆ ಓರೆಯಾಗಿ ಮೇಲೆ ಬಂತು, ಮೂತಿ ಗಾಳಿಗೆ ಒಡ್ಡಿತು, ಟಪ್ ಅಂತ ಬಾಯಿ ಮುಚ್ಚಿತು. ಕಿವಿರಿನ ಬದಿಯಿಂದ ನಾಲ್ಕು ಗುಳ್ಳೆ ಹೊರಟವು.

"ಓ, ನಮ್ಮ ಮುರುಗೋಡು ಮೀನು ಕೆಸರಲ್ಲಿ ಹೀಗೇ ಮೇಲೆ ಬರ್ತದೆ," ಅಂದರು ಅಪ್ಪಯ್ಯ.

ವಿಷಯ ಅದೇ. ನೆಲದಡಿಯಿಂದ ಆಗಷ್ಟೇ ಬಂದ ಈ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಗಾರ್‌ಗೆ ಗಾಳಿಚೀಲವೇ ಶ್ವಾಸಕೋಶದ ಕೆಲಸ ಮಾಡುತ್ತದೆ. ಹಾಗಾಗಿ ಉಕ್ಕುವ ಬಾಯಿಯ ಹತ್ತಿರವೂ ಅದು ಬದುಕಿಕೊಳ್ಳುತ್ತದೆ. ಉತ್ತರದ ಕೊರೆಯುವ ನದಿಗಳಲ್ಲಿ ಚಳಿಗಾಲಕ್ಕೆ ಗಾರ್ ಮೇಲೆ ಬರುವುದೇ ಅಪರೂಪ. ತಣ್ಣನೆಯ ನೀರಿನಲ್ಲಿ ಅದಕ್ಕೆ ಕಿವಿರು ಸಾಕಾಗುತ್ತದೆ. ಇಲ್ಲಿ ಮಾತ್ರ ಜನವರಿಯಲ್ಲೂ ಈ ಆಟ ನೋಡಲು ಸಿಗುತ್ತದೆ.

ತಿನ್ನಬಹುದಾ ಅಂತ ಅಪ್ಪಯ್ಯ ಕೇಳಿಯೇ ಕೇಳಿದರು. ಮಾಂಸ ತಿನ್ನುವವರಿದ್ದಾರೆ, ಮೊಟ್ಟೆ ವಿಷ ಅಂದೆ. "ಹಂಗಾದ್ರೆ ನೋಡೋದೇ ಸೈ," ಅಂತ ಮತ್ತೆ ಕಟಕಟೆಗೆ ಒರಗಿದರು.

ಮೋಡವಿದ್ದರೆ ಬೇರೆ ದಿನ ಹೋಗಿ, ನೆರಳು ಬೀಳುವುದಿಲ್ಲ. ಗಾಳಿ ಇದ್ದರೂ ನೀರು ಸುಕ್ಕಾಗುತ್ತದೆ. ಚಿತ್ರಾನ್ನ ಕಟ್ಟಿಕೊಂಡು ಹೋಗಿ, ಕೂರಲು ಮೇಜುಗಳಿವೆ. ನಾವು ಊಟ ಮುಗಿಸಿ ಹೊರಟಾಗ ಮಧ್ಯಾಹ್ನ ಒಂದೂವರೆ, ಗೇಟಿನ ಹೊರಗೆ ಕಾರುಗಳು ಆಗಲೂ ನಿಂತಿದ್ದವು.