ಮಾಟುಂಗದ ಮಲ್ಲಿಗೆ, ಮೀಟರಿನ ಲೆಕ್ಕ

ಮುಂಬೈಯ ಒಂದು ಕಲಾಶಾಲೆಯಲ್ಲಿ ಫಿಲಂ ಛಾಯಾಗ್ರಹಣದ ಪ್ರಾಥಮಿಕ ಕೋರ್ಸಿಗೆ ಸೇರಿದ್ದೇನೆ. ಸೇರುವಾಗ ಡಾರ್ಕ್‌ರೂಮಿನ ಕುತೂಹಲವೇ ಹೆಚ್ಚಾಗಿತ್ತಾದರೂ ಮೊದಲ ತರಗತಿಗಳೆಲ್ಲ ಬೆಳಕನ್ನು ಅಳೆಯುವುದರಲ್ಲೇ ಕಳೆದವು, ಮತ್ತು ಈ ಕೋರ್ಸಿನ ತಿರುಳು ಅದೇ ಎಂಬುದು ಈಗ ನನಗೆ ಖಚಿತವಾಗಿದೆ. 36 ಚಿತ್ರಗಳ ರೋಲು ಮುಗಿದು, ತೊಳೆದು, ಒಣಗುವವರೆಗೆ ಏನು ಬಂದಿದೆಯೆಂದು ತಿಳಿಯುವಂತಿಲ್ಲವಾದ್ದರಿಂದ, ಎಷ್ಟು ಬೆಳಕು ಬೇಕೆಂಬ ತೀರ್ಮಾನ ಗುಂಡಿ ಒತ್ತುವ ಮೊದಲೇ ಆಗಿರಬೇಕು.

ಶಾಲೆಯಲ್ಲಿ ನಮಗೆ ಕೊಡುವುದು ಪೆಂಟಾಕ್ಸ್ ಕೆ1000. ಈ ಕ್ಯಾಮೆರಾದಲ್ಲಿ ಸೆಲ್ ಬೇಕಾಗುವುದು ಬೆಳಕನ್ನು ಅಳೆಯುವ ಮೀಟರಿಗೆ ಮಾತ್ರ. ಶಟರ್ ಸಂಪೂರ್ಣ ಯಾಂತ್ರಿಕವಾದದ್ದು. ನಮ್ಮ ಗುರುಗಳು ಮೊದಲ ದಿನವೇ ಸೆಲ್ ತೆಗೆಸಿಟ್ಟು, ಒಳ್ಳೆಯ ಬಿಸಿಲಿನಲ್ಲಿ ಲೆನ್ಸಿನ ಕಿಂಡಿಯಾದ ಅಪರ್ಚರನ್ನು 16ಕ್ಕೆ ಇಟ್ಟು ಶಟರನ್ನು ಫಿಲಂ ವೇಗದ ಅಂಕಿಗೆ (ಐಎಸ್ಒ) ಹತ್ತಿರ ಇಡಬೇಕೆಂಬ ಹಳೆಯ ನಿಯಮವನ್ನು ಕಲಿಸಿದರು. 400 ಐಎಸ್ಒ ಫಿಲಮಿಗೆ ಅದು ಸೆಕೆಂಡಿನ 500ನೇ ಒಂದು ಭಾಗ. ಅಲ್ಲಿಂದ 11, 8, 5.6 ಎಂದು ಇಳಿದಂತೆ ಕಿಂಡಿ ಹಿಗ್ಗಿ, ಸ್ಟಾಪ್ ಎಂದು ಕರೆಯುವ ಪ್ರತಿ ಮೆಟ್ಟಿಲಿಗೂ ಬೆಳಕು ಇಮ್ಮಡಿಯಾಗುತ್ತದೆ. ಸಾಮಾನ್ಯ ನೆರಳಿಗೆ ಸುಮಾರು 5.6 ಸಾಕು.

ಸೆಲ್ ಮರಳಿ ಬಂದ ಮೇಲೆ ಮೀಟರನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬ ಪಾಠ ಶುರುವಾಯಿತು. ಕ್ಯಾಮೆರಾದ ಮೀಟರಿಗೆ ವಸ್ತುವಿನ ಬಣ್ಣ ತಿಳಿಯದು. ಎದುರಿಗಿರುವುದೆಲ್ಲವೂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು 18 ಶೇಕಡಾ ಭಾಗವನ್ನು ಹಿಂದಿರುಗಿಸುವ ನಡುಬೂದು ಎಂದೇ ಅದು ಭಾವಿಸುತ್ತದೆ. ಇದನ್ನು ಅಭ್ಯಾಸ ಮಾಡಲು ನಾನು ಆರಿಸಿಕೊಂಡದ್ದು ಮಾಟುಂಗದ ಹೂವಿನ ಅಂಗಡಿಗಳನ್ನು. ಮಲ್ಲಿಗೆಯ ರಾಶಿಗೆ ಹಿಡಿದ ಮೀಟರು ಹೇಳಿದಂತೆಯೇ ತೆಗೆದರೆ ಹೂವು ಬೂದಿಯ ಬಣ್ಣಕ್ಕೆ ಇಳಿಯುತ್ತದೆ. ಅದು ಬಿಳಿಯಾಗಿಯೇ ಉಳಿದು, ಒಂದೊಂದು ಮೊಗ್ಗೂ ಬಿಡಿಯಾಗಿ ಕಾಣಬೇಕಾದರೆ ಒಂದರಿಂದ ಒಂದೂವರೆ ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು. ಪಕ್ಕದಲ್ಲಿ ಒರಗಿಸಿಟ್ಟ ಕಪ್ಪು ಕೊಡೆಗೆ ಲೆಕ್ಕ ತಿರುವುಮುರುವು.

ತಾಡಪತ್ರಿಯ ಕೆಳಗೆ ಕುಳಿತಿದ್ದ ಉಡುಪಿ ಕಡೆಯ ಅಮ್ಮನೊಬ್ಬರು ನಾನು ಬಗ್ಗಿ ಅಳೆಯುವುದನ್ನು ನೋಡಿ, "ಅಲ್ಲಿ ಕತ್ತಲೆ ಅಲ್ವಾ ಮಗಾ, ಇರು, ಬುಟ್ಟಿ ಈಚೆ ತೆಗೀತೇನೆ" ಎಂದು ಬುಟ್ಟಿಯನ್ನು ಬಿಸಿಲಿಗೆ ಎಳೆದರು. ಅಷ್ಟು ಸಣ್ಣ ಚಲನೆಗೆ ಲೆಕ್ಕ ಮೂರು ಸ್ಟಾಪ್ ಬದಲಾಯಿತು. ಪುಸ್ತಕದಲ್ಲಿ ಓದಿದ್ದ ಅಂಕಿಯನ್ನು ಅಂದು ಕಣ್ಣಾರೆ ಕಂಡೆ.

ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಚಲನಚಿತ್ರ ಛಾಯಾಗ್ರಹಣ ಓದಿ ಇದೇ ಮುಂಬೈಗೆ ಬಂದವರು. 1959ರ 'ಕಾಗಜ್ ಕೆ ಫೂಲ್' ಚಿತ್ರಕ್ಕಾಗಿ ಅವರು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಸ್ಟುಡಿಯೋದ ಒಳಕ್ಕೆ ತಿರುಗಿಸಿ ಬೆಳಕಿನ ಕೋಲೊಂದನ್ನು ನಿಲ್ಲಿಸಿದರು. ಆ ದೃಶ್ಯವನ್ನು ನಾನು ಹಿಂದೆಯೂ ನೋಡಿದ್ದೆ. ಆದರೆ ಆ ಕತ್ತಲೆಯನ್ನು ಎಷ್ಟರ ಮಟ್ಟಿಗೆ ಕತ್ತಲೆಯಾಗಿಯೇ ಬಿಡಬೇಕೆಂದು ಫಿಲಂ ತೊಳೆಯುವ ಮೊದಲೇ ನಿರ್ಧರಿಸಿದ ಧೈರ್ಯ ಎಂಥದೆಂದು ಈ ಕೋರ್ಸಿಗೆ ಸೇರಿದ ನಂತರವಷ್ಟೇ ಅರ್ಥವಾಯಿತು.

ಇನ್ನು ತೊಳೆಯುವ ಕೆಲಸ. ಫಿಲಮಿನಲ್ಲಿ ಚಿತ್ರ ಮೂಡಿಸುವ ದ್ರಾವಣಗಳಾದ ಡೆವಲಪರ್‌ಗಳ ಸಮಯದ ಪಟ್ಟಿಗಳು ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಲೆಕ್ಕದಲ್ಲಿರುತ್ತವೆ. ಮುಂಬೈಯ ನಲ್ಲಿಯಲ್ಲಿ ಅಷ್ಟು ತಣ್ಣಗಿನ ನೀರು ಬೇಸಿಗೆಯಲ್ಲಂತೂ ಬರುವುದಿಲ್ಲ. ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಫಿಲಮಿಗೆ ನೀರು ಬೆರೆಸದ ಡಿ-76 ಡೆವಲಪರಿನಲ್ಲಿ 20 ಡಿಗ್ರಿಗೆ 7.5 ನಿಮಿಷ ಬೇಕು, 24 ಡಿಗ್ರಿಗೆ ಸುಮಾರು 5 ನಿಮಿಷ ಸಾಕು. ಅದಕ್ಕಿಂತ ಬಿಸಿಯಾದರೆ ಸಮಯ ತೀರಾ ಕುಗ್ಗಿ, ಸುರಿಯುವ ಮತ್ತು ಬಸಿಯುವ ಕ್ಷಣಗಳೇ ದೊಡ್ಡದಾಗಿ, ಫಿಲಮಿನ ಮೇಲೆ ಏರುಪೇರು ಕಾಣಿಸಿಕೊಳ್ಳುವ ಅಪಾಯವಿದೆ. ಅದಕ್ಕಾಗಿ ನಾವು ದೊಡ್ಡ ಟಬ್ಬಿನಲ್ಲಿ ಐಸ್ ಹಾಕಿ, ಬಾಟಲಿಗಳನ್ನು ಅದರಲ್ಲಿ ನಿಲ್ಲಿಸಿ, ಥರ್ಮಾಮೀಟರ್ ನೋಡುತ್ತಾ ಕಾಯುತ್ತೇವೆ. ಡೆವಲಪರ್ ಒಂದನ್ನೇ ತಣ್ಣಗಾಗಿಸಿದರೆ ಸಾಲದು. ಚಿತ್ರವನ್ನು ಸ್ಥಿರಗೊಳಿಸುವ ಹೈಪೋ ದ್ರಾವಣ ಮತ್ತು ಕೊನೆಯ ನೀರೂ ಅದರ ಹತ್ತಿರದ ಉಷ್ಣತೆಯಲ್ಲಿರಬೇಕು, ಇಲ್ಲವಾದರೆ ಫಿಲಮಿನ ಮೇಲಿನ ಜೆಲಾಟಿನ್ ಪದರ ಸುಕ್ಕುಗಟ್ಟಬಹುದು.

ಬೆಳ್ಳಿಯ ಲವಣವನ್ನು ಹೈಪೋ ಕರಗಿಸುತ್ತದೆಂದು ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಕಂಡಿದ್ದರು. ಛಾಯಾಗ್ರಹಣಕ್ಕೆ ಅದು ಒದಗಿದ್ದು 1839ರಲ್ಲಿ. ಇಂದಿಗೂ ಕೆಲಸ ಅದೇ.

ಮಳೆಗಾಲದಲ್ಲಿ ತೊಳೆದ ಫಿಲಂ ಒಣಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಧೂಳು ಅಂಟುತ್ತದೆ, ತೇವದಲ್ಲಿಟ್ಟ ನೆಗೆಟಿವ್‌ಗೂ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿ ಇಲ್ಲಿ ಲೆನ್ಸಿನಷ್ಟೇ ಅಗತ್ಯ. ಈ ಕೋರ್ಸನ್ನು ಜೂನ್ ಬದಲು ನವೆಂಬರಿನಲ್ಲಿ ಆರಂಭಿಸಿದರೆ ಕಲಿಯುವವರಿಗೆ ಸ್ಥಿರವಾದ ಬಿಸಿಲೂ ಸಿಗುತ್ತದೆ, ಐಸಿನ ಖರ್ಚೂ ಇಳಿಯುತ್ತದೆ ಎಂದು ಶಾಲೆಗೆ ಬರೆದು ಕೊಟ್ಟಿದ್ದೇನೆ.