ಅಕ್ಕನ ಅಯೋಡಿನ್ ಸ್ಕ್ಯಾನ್

ಅಕ್ಕನಿಗೆ ಥೈರಾಯ್ಡ್ ಕ್ಯಾನ್ಸರ್ ಅಂತ ಗೊತ್ತಾಗಿ ಗ್ರಂಥಿಯನ್ನು ಪೂರ್ತಿ ತೆಗೆದಿದ್ದರು. ಆದರೂ ಒಂದಿಷ್ಟು ಜೀವಕೋಶಗಳು ಉಳಿದುಬಿಡುತ್ತವಂತೆ. ಅದಕ್ಕೆ ಅಯೋಡಿನ್-131 ಎಂಬ ವಿಕಿರಣ ಔಷಧ ಕೊಟ್ಟರು. ನುಂಗುವ ಒಂದು ಕ್ಯಾಪ್ಸೂಲ್, ಅಷ್ಟೇ.

ಥೈರಾಯ್ಡ್ ಜೀವಕೋಶಗಳು ಮೈಯಲ್ಲಿ ಎಲ್ಲೇ ಇದ್ದರೂ ಅಯೋಡಿನ್ ಹೀರಿಕೊಳ್ಳುತ್ತವೆ. ಈ ಔಷಧದ ಬೀಟಾ ಕಣಗಳು ಒಂದೆರಡು ಮಿಲಿಮೀಟರ್ ಹೋಗುವಷ್ಟರಲ್ಲಿ ಆ ಜೀವಕೋಶಗಳನ್ನು ಕೊಲ್ಲುತ್ತವೆ. ಅದೇ ಔಷಧದಿಂದ ಬರುವ ಗಾಮಾ ಕಿರಣ ಮೈ ದಾಟಿ ಹೊರಗೆ ಬಂದು ಸ್ಕ್ಯಾನ್ ಕ್ಯಾಮೆರಾಕ್ಕೆ ಸಿಗುತ್ತದೆ. ಗುಣ ಮಾಡುವ ಔಷಧವೇ ತಾನು ಎಲ್ಲಿ ಕೂತಿದ್ದೇನೆ ಅಂತಲೂ ತೋರಿಸುತ್ತದೆ! ನನಗೆ ಇದು ಈಗಲೂ ಬೆರಗು. (ಎಲ್ಲ ಥೈರಾಯ್ಡ್ ಕ್ಯಾನ್ಸರ್‌ಗೂ ಇದು ನಡೆಯುವುದಿಲ್ಲ. ಮೆಡುಲರಿ ಎಂಬ ಬಗೆ ಅಯೋಡಿನ್ ಹೀರುವುದೇ ಇಲ್ಲ.)

ಕ್ಯಾಪ್ಸೂಲ್ ಕೊಡುವ ಮೊದಲಿನ ವಾರಗಳು ಕಷ್ಟದವು. ಉಳಿದ ಜೀವಕೋಶಗಳು ಅಯೋಡಿನ್ ಚೆನ್ನಾಗಿ ಹೀರಲಿ ಅಂತ, ತೆಗೆದ ಗ್ರಂಥಿಯ ಬದಲಿಗೆ ಕೊಡುವ ಥೈರಾಯ್ಡ್ ಮಾತ್ರೆ ನಿಲ್ಲಿಸಿದ್ದರು. ಅಕ್ಕ ಸೋತು ಸುಣ್ಣವಾಗಿದ್ದಳು. ಕ್ಯಾಪ್ಸೂಲ್ ನುಂಗಿದ ಮೇಲೆ ಬೇರೆ ಕೋಣೆ. ಅವಳ ಮೈಯಿಂದಲೇ ವಿಕಿರಣ ಬರುತ್ತಿತ್ತಲ್ಲ, ಮಾತೆಲ್ಲ ಫೋನಿನಲ್ಲೇ. ಅಯೋಡಿನ್-131ರ ಅರ್ಧಾಯುಷ್ಯ 8 ದಿನ, ಅಂದರೆ ಅಷ್ಟು ದಿನಕ್ಕೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಆದರೆ ಹೆಚ್ಚಿನ ಪಾಲು ಮೂತ್ರದಲ್ಲಿ ಬೇಗ ಹೊರಹೋಗುತ್ತದೆ. "ನೀರು ಕುಡಿದೆಯಾ ಅಕ್ಕಾ?" ಅಂತ ಕೇಳುವುದೇ ನನ್ನ ಕೆಲಸವಾಗಿತ್ತು.

ಆಮೇಲೆ ಸ್ಕ್ಯಾನ್. ಕ್ಯಾಮೆರಾ ಮುಖದ ಹತ್ತಿರಕ್ಕೇ ಬರುತ್ತದೆ. ಅಲುಗಾಡದೆ ಮಲಗಿರಬೇಕು. ಮುಗಿದ ಮೇಲೆ ಡಾಕ್ಟರ್ ನಮ್ಮನ್ನು ಕರೆದು ಚಿತ್ರ ತೋರಿಸಿದರು. ಔಷಧ ಸೇರಿಕೊಂಡ ಕಡೆ ಕಪ್ಪಾಗಿ ಕಾಣುತ್ತದೆ. ಕತ್ತಿನಲ್ಲಿ ಒಂದು ಕಪ್ಪು ಚುಕ್ಕೆ. ಅದು ಇರುತ್ತದೆ ಅಂತ ಗೊತ್ತಿತ್ತು. ಆದರೆ ದವಡೆಯ ಎರಡೂ ಕಡೆ, ಹೊಟ್ಟೆಯಲ್ಲಿ, ಕಿಬ್ಬೊಟ್ಟೆಯಲ್ಲಿ ಕೂಡ ಕಪ್ಪು! ನನ್ನ ಎದೆ ಧಸಕ್ಕೆಂದಿತು. ಅಕ್ಕ ನನ್ನ ಕೈ ಹಿಡಿದುಕೊಂಡಳು.

"ಗಾಬರಿ ಬೇಡಮ್ಮ" ಅಂದರು ಡಾಕ್ಟರ್. "ಜೊಲ್ಲು ಗ್ರಂಥಿ, ಜಠರ, ಮೂತ್ರಕೋಶ ಎಲ್ಲರಲ್ಲೂ ಹೀಗೇ ಕಾಣುತ್ತವೆ. ಕತ್ತಿನದ್ದು ಆಪರೇಷನ್ ನಂತರ ಉಳಿದ ಚೂರು. ಕ್ಯಾನ್ಸರ್ ಹರಡಿದೆಯಾ ಅಂತ ನಾನು ಹುಡುಕುತ್ತಿದ್ದುದು ಶ್ವಾಸಕೋಶ, ಮೂಳೆಗಳಲ್ಲಿ. ಅಲ್ಲೇನೂ ಇಲ್ಲ."

ಈ ಮಾತನ್ನು ಸ್ಕ್ಯಾನಿಗೆ ಮೊದಲೇ ಎಲ್ಲರಿಗೂ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕ್ಯಾನ್ಸರ್ ಹುಡುಕಲು ಮಾಡುವ ಇನ್ನೊಂದು ಬಗೆಯ ಸ್ಕ್ಯಾನ್ ಆದ ಪೆಟ್ ಸ್ಕ್ಯಾನ್‌ನಲ್ಲೂ ಅಷ್ಟೇ. ಅಲ್ಲಿ ಸಾಮಾನ್ಯವಾಗಿ ಕೊಡುವುದು ವಿಕಿರಣ ಬೆರೆತ ಸಕ್ಕರೆಯಂಥ ಔಷಧ. ಸಕ್ಕರೆಯನ್ನು ಜಾಸ್ತಿ ಬಳಸುವ ಮೆದುಳು ಆರೋಗ್ಯವಂತರಲ್ಲೂ ಹೊಳೆಯುತ್ತದೆ. ಚಿತ್ರವನ್ನು ಸುಮ್ನೆ ನೋಡಿ ಹೆದರಬೇಡಿ. ಯಾವುದು ಸಹಜ, ಯಾವುದು ಅಲ್ಲ ಅಂತ ಕೇಳಿ.

ಅಕ್ಕ ಈಗ ಮತ್ತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಇನ್ನು ಆಗಾಗ ರಕ್ತದಲ್ಲಿ ಥೈರೋಗ್ಲೋಬ್ಯುಲಿನ್, ಅಂದರೆ ಥೈರಾಯ್ಡ್ ಜೀವಕೋಶಗಳು ಮಾತ್ರ ತಯಾರಿಸುವ ಪ್ರೋಟೀನ್, ಎಷ್ಟಿದೆ ಅಂತ ನೋಡುತ್ತಿರಬೇಕು. ಮುಂದಿನ ಪರೀಕ್ಷೆಗೆ ಏನೇನು ಕೇಳಬೇಕು ಅಂತ ಅವಳೇ ಬರೆದಿಟ್ಟುಕೊಳ್ಳುತ್ತಿದ್ದಾಳೆ.