ಮೋಡದೊಳಗೆ ಒಂದು ತಲೆ ಕಡಿಮೆ

ಹೆಡ್‌ಕೌಂಟ್ 37 ಬಂತು. ಮತ್ತೊಮ್ಮೆ ಎಣಿಸಿದೆ, ಮತ್ತೆ 37. ಶೀಟಿನಲ್ಲಿ 38 ಇತ್ತು.

ಮಹಾರಾಷ್ಟ್ರದ ಭೀಮಾಶಂಕರ ದೇವಸ್ಥಾನದ ಹತ್ತಿರ, ಗುಪ್ತ ಭೀಮಾಶಂಕರದ ಕಾಡುದಾರಿಯಲ್ಲಿ ನಿಂತಿದ್ದೆವು. ಶ್ರಾವಣದ ಗದ್ದಲ ಶುರುವಾಗುವ ಮೊದಲು ನಾನು ಟೂರ್ ಕಂಪನಿ ಪರವಾಗಿ ಕರೆದುಕೊಂಡು ಹೋದ ಟ್ರಿಪ್ ಅದು. ಹಿಂದಿನ ದಿನ ಕಲಬುರಗಿ ಬಿಟ್ಟು, ಸೊಲ್ಲಾಪುರ, ಪುಣೆ ದಾಟಿ ಮಂಚರ್‌ನಲ್ಲಿ ಹಾಲ್ಟ್. ಬೆಳಿಗ್ಗೆ ಘೋಡೇಗಾಂವ್ ಮೇಲಿಂದ ಬೆಟ್ಟ ಹತ್ತಿ ದರ್ಶನ, ಆಮೇಲೆ ಲೋಕಲ್ ಗೈಡ್ ಜೊತೆ ಕಾಡಿನ ನಡಿಗೆ, ಊಟ, ರಾತ್ರಿಗೆ ಪಂಢರಪುರ. ಆಫೀಸಿನವರು ಕೊಟ್ಟ ಐಟಿನರಿಯಲ್ಲಿ ಕಾಡಿಗೆ ಸಿಕ್ಕಿದ್ದು ಒಂದೂಕಾಲು ತಾಸು. ದರ್ಶನದ ಕ್ಯೂನಲ್ಲೇ ಮುಕ್ಕಾಲು ತಾಸು ತಡವಾಗಿತ್ತು, ಅದನ್ನು ಕಾಡಿನ ಲೆಕ್ಕದಲ್ಲಿ ಮುರಿದುಕೊಂಡರಾಯಿತು ಅಂತ ನಾನೇ ನಿರ್ಧಾರ ಮಾಡಿದ್ದೆ. ‘ಮಂಜಿನಾಗ ಏನೂ ಕಾಣಲ್ರಿ, ಲಗೂ ಲಗೂ ನಡೀರಿ’ ಅಂತ ಮಂದಿಗೆ ಹೇಳಿದವನೂ ನಾನೇ. ಆ ಮಾತು ಈಗಲೂ ಚುಚ್ಚುತ್ತದೆ.

ಅದು ಮಂಜಲ್ಲ, ಮೋಡ. ಅರಬ್ಬಿ ಸಮುದ್ರದ ಗಾಳಿ ಕೊಂಕಣದ ಬಯಲು ದಾಟಿ ಬಂದು ಸಹ್ಯಾದ್ರಿಯ ಗೋಡೆಗೆ ಬಡಿಯುತ್ತದೆ. ಮೇಲೇರಿದಂತೆ ತಣ್ಣಗಾಗಿ ಅಲ್ಲೇ ಮೋಡವಾಗುತ್ತದೆ, ಕಾಡಿನೊಳಗೇ ಇಳಿದು ಕೂರುತ್ತದೆ. ಹತ್ತು ಹೆಜ್ಜೆ ಮುಂದೆ ಹೋದವರ ಕೊಡೆ ಕಾಣುತ್ತಿತ್ತು, ಕೊಡೆ ಹಿಡಿದವರು ಕಾಣುತ್ತಿರಲಿಲ್ಲ. ಗಿಡಗಳ ಬೊಡ್ಡೆಗೆಲ್ಲ ಬೆರಳು ದಪ್ಪ ಪಾಚಿ, ಪಾಚಿಯ ಮೇಲೆ ಜರಿಗಿಡ. ಗೈಡ್ ಅಣ್ಣ ಮಹಾದೇವ ಕೋಳಿ ಸಮುದಾಯದವರು. ಅವರ ಮನೆಯವರು ಈ ಕಾಡಿನಲ್ಲೇ ಅಳಲೆಕಾಯಿ ಆರಿಸಿ ಮಾರುತ್ತಾರೆ. ಕೊಂಬೆಯ ಮೇಲಿದ್ದ ಶೇಕರೂ ಗೂಡು ತೋರಿಸಲು ಅವರು ನಿಂತರು. ಶೇಕರೂ ಅಂದರೆ ಅಲ್ಲಿನ ದೊಡ್ಡ ಕೆಂದಳಿಲು, ಮಹಾರಾಷ್ಟ್ರದ ರಾಜ್ಯಪ್ರಾಣಿ. 1985ರಲ್ಲಿ ಈ ಕಾಡನ್ನು ಅಭಯಾರಣ್ಯ ಮಾಡಿದ್ದಕ್ಕೆ ಅದೂ ಒಂದು ಕಾರಣ. ನಾನು ವಾಚ್ ನೋಡಿಕೊಂಡು ‘ಚಲಾ ಚಲಾ’ ಅಂದೆ. ಅಲ್ಲೇ ಗುಂಪು ಎರಡಾಯಿತು. ಹಿಂದಿನವರನ್ನು ಕ್ಲೀನರ್ ಹುಡುಗ ನೋಡಿಕೊಳ್ಳುತ್ತಾನೆ ಅಂತ ನಾನು ಮುಂದಿನವರ ಜೊತೆ ನಡೆದೆ. ಆಗ ಎಣಿಸಲಿಲ್ಲ. ನಮ್ಮ ಆ್ಯಪ್‌ನಲ್ಲಿ ಅಟೆಂಡೆನ್ಸ್ ಒತ್ತಬೇಕಾದರೆ ನೆಟ್‌ವರ್ಕ್ ಬೇಕು, ಆ ಕಾಡಿನಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಬಸ್ಸಿಗೆ ಹೋದ ಮೇಲೆ ಒತ್ತಿದರಾಯಿತು ಅಂದುಕೊಂಡೆ. ಎಣಿಸೋದಕ್ಕೆ ನೆಟ್‌ವರ್ಕ್ ಬೇಕಾಗಿಲ್ಲ ಅನ್ನೋದು ಆ ಹೊತ್ತಿಗೆ ಹೊಳೆಯಲಿಲ್ಲ.

ಇಲ್ಲದವರು ಯಾರು ಅಂತ ಗೊತ್ತಾಗಲು ಎರಡು ನಿಮಿಷ ಹಿಡಿಯಿತು. ಅಫಜಲಪುರ ತಾಲ್ಲೂಕಿನ ಒಬ್ಬ ಅಜ್ಜಿ, ಎಪ್ಪತ್ತರ ಹತ್ತಿರ. ಒಬ್ಬರೇ ಬಂದಿದ್ದರು. ದಾರಿ ಉದ್ದಕ್ಕೂ ಎಲ್ಲರಿಗೂ ರೊಟ್ಟಿ, ಶೇಂಗಾ ಹಿಂಡಿ ಹಂಚಿದವರು. ಜೊತೆಗೆ ಯಾರೂ ಇಲ್ಲದ್ದರಿಂದ ಅವರಿಲ್ಲ ಅಂತ ಯಾರ ಗಮನಕ್ಕೂ ಬರಲಿಲ್ಲ.

ನಾನು ಕೂಗುತ್ತ ಹಿಂದಕ್ಕೆ ಓಡಿದೆ. ನನ್ನ ಹಿಂದೆ ಉಳಿದವರೂ ಕೂಗತೊಡಗಿದರು. ಮೋಡದೊಳಗೆ ದನಿ ಎಲ್ಲಿಂದ ಬಂತು ಅಂತ ತಿಳಿಯೋದಿಲ್ಲ. ನನ್ನದೇ ಕೂಗು ಎಡಗಡೆಯಿಂದ ತಿರುಗಿ ಬಂದಂತಾಗುತ್ತಿತ್ತು. ಆ ಕಾಡಿನಲ್ಲಿ ಕಾಲುದಾರಿಗಳು ಬೇಕಾದಷ್ಟು. ಪಶ್ಚಿಮಕ್ಕೆ ಹೋದರೆ ಬೆಟ್ಟದ ಅಂಚು, ಅಲ್ಲಿಂದ ಖಾಂಡಸ್ ಕಡೆಗೆ ಇಳಿಯುವ ಶಿಡಿ ಘಾಟ್, ಕೆಲವು ಕಡೆ ಏಣಿ ಹಿಡಿದೇ ಇಳಿಯಬೇಕು. ಕವಲಿನ ಹತ್ತಿರ ಕೆಸರಿನಲ್ಲಿ ಒಂದು ಚಪ್ಪಲಿ ಗುರುತು ನೋಡಿದೆ, ಮೊಣಕಾಲು ನಡುಗಿತು. ಅವರ ಮಗನಿಗೆ ಫೋನಿನಲ್ಲಿ ಏನಂತ ಹೇಳಲಿ ಅನ್ನುವ ವಾಕ್ಯವನ್ನು ನಾನು ಆಗಲೇ ಮನಸ್ಸಿನಲ್ಲಿ ಜೋಡಿಸುತ್ತಿದ್ದೆ.

ಗೈಡ್ ಅಣ್ಣ ಬಂದು ನನ್ನ ತೋಳು ಹಿಡಿದು ನಿಲ್ಲಿಸಿದರು. ‘ಗಪ್ಪ ಬಸಾ,’ ಅಂದರು, ‘ಸಗಳ್ಯಾಂನಾ ಸಾಂಗಾ.’ ಎಲ್ಲರಿಗೂ ಸುಮ್ಮನಿರಲು ಹೇಳಿದೆ. 37 ಮಂದಿಯೂ ಬಾಯಿ ಮುಚ್ಚಿದರು.

ಆಗ ಕಾಡು ಕೇಳಿಸಿತು. ಮಳೆ ನಿಂತು ಅರ್ಧ ತಾಸಾಗಿತ್ತು, ಆದರೂ ಎಲ್ಲ ಕಡೆ ಹನಿಯ ಸದ್ದು. ಎಲೆಗಳು ಮೋಡವನ್ನೇ ಸೋಸಿ ನೀರು ಮಾಡಿ ಕೆಳಗೆ ಬಿಡುತ್ತಿದ್ದವು. ಎಲೆಯ ಮೇಲೆ ಬಿದ್ದ ಹನಿಗೆ ಒಂದು ಸದ್ದು, ಮಣ್ಣಿನ ಮೇಲೆ ಬಿದ್ದದ್ದಕ್ಕೆ ಇನ್ನೊಂದು. ಅವುಗಳ ನಡುವೆ ಬಲಗಡೆಯಿಂದ ಬೇರೆಯದೇ ಒಂದು ಸದ್ದು ಬಂತು. ಟಣ್. ಸ್ವಲ್ಪ ಬಿಟ್ಟು ಮತ್ತೆ ಟಣ್. ಅದು ಸ್ಟೀಲಿನ ಸದ್ದು.

ದಾರಿಯಿಂದ ಐವತ್ತು ಹೆಜ್ಜೆಯೂ ಇರಲಿಲ್ಲ. ದೊಡ್ಡ ನೇರಳೆ ಮರದ ಬೇರಿನ ಮೇಲೆ ಅಜ್ಜಿ ಕುಳಿತಿದ್ದರು, ಸೆರಗು ತಲೆ ತುಂಬ ಹೊದ್ದು. ಎದುರಿಗೆ ತಂಬಿಗೆ ಇಟ್ಟಿದ್ದರು. ಕೊಂಬೆಯಿಂದ ಜೋತ ಪಾಚಿಯ ತುದಿಯಲ್ಲಿ ಹನಿ ದಪ್ಪವಾಗಿ, ಉದ್ದವಾಗಿ, ಕಳಚಿ ತಂಬಿಗೆಯ ಕಂಠಕ್ಕೆ ಬಡಿದು ಒಳಗೆ ಬೀಳುತ್ತಿತ್ತು. ಕಾಲು ಭಾಗ ತುಂಬಿತ್ತು.

‘ನೀವು ಒದರೂದು ಕೇಳ್ಸ್ತಿತ್ತಪ್ಪ. ನಾನೂ ಓ ಅಂದೆ, ನಿಮ್ಮ ಗದ್ದಲದಾಗ ನಿಮಗ ಕೇಳ್ಸಿಲ್ಲ,’ ಅಂದರು. ಆಮೇಲೆ ಮರದ ಕಡೆ ಕೈ ಮಾಡಿ, ‘ಮಳಿ ಇಲ್ಲ ನೋಡು. ಗಿಡಾನೇ ನೀರ್ ಕೊಡ್ಲಾಕತ್ತದ.’

ನಾನು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತೆ. ಮಾತು ಬರಲಿಲ್ಲ.

ಊಟದ ಹೊತ್ತಿಗೆ ಪಕ್ಕದಲ್ಲಿ ಕೂತು ಕೇಳಿದಾಗ ಹೇಳಿದರು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅವರ ಮನೆಯೊಳಗೆ ಎದೆಮಟ್ಟ ನೀರು ಬಂದಿತ್ತು. ಬೇಸಿಗೆಯಲ್ಲಿ ಅದೇ ಹೊಳೆಯಲ್ಲಿ ಒರತೆ ತೋಡಬೇಕು. ಇಷ್ಟೆಲ್ಲ ಆಟ ಆಡಿಸುವ ಹೊಳೆ ಎಲ್ಲಿ ಹುಟ್ಟುತ್ತದೆ ಅಂತ ಕಣ್ಣಾರೆ ನೋಡಬೇಕು ಅಂತಲೇ ದುಡ್ಡು ಕೂಡಿಸಿ ಬಂದಿದ್ದರು. ಆ ಹೊಳೆ ಹುಟ್ಟೋದು ಇದೇ ಕಾಡಿನಲ್ಲಿ. ದರ್ಶನ ಅವರಿಗೆ ಎರಡನೆಯದು. ಎರಡು ದಿನ ಒಂದೇ ಬಸ್ಸಿನಲ್ಲಿ ಇದ್ದೆ, ಅವರ ಕೈಯಿಂದ ರೊಟ್ಟಿ ತಿಂದೆ, ಯಾಕೆ ಬಂದಿರಿ ಅಂತ ಒಂದು ಸಲವೂ ಕೇಳಿರಲಿಲ್ಲ. ಅವರು ಬಂದ ಕೆಲಸ ಆ ಒಂದೂಕಾಲು ತಾಸಿನಲ್ಲೇ ಇತ್ತು, ನಾನು ಕತ್ತರಿಸಿದ್ದೂ ಅದನ್ನೇ.

ಪಂಢರಪುರಕ್ಕೆ ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ಅಲ್ಲಿ ಅದೇ ಭೀಮೆಗೆ ಚಂದ್ರಭಾಗಾ ಅನ್ನುತ್ತಾರೆ. ಅಜ್ಜಿ ಮೆಟ್ಟಿಲ ಮೇಲೆ ನಿಂತು ಕತ್ತಲಲ್ಲೇ ನೀರು ನೋಡಿದರು.

ಮರುದಿನ ಆಫೀಸಿನಿಂದ ಬಂದ ಮೊದಲ ಪ್ರಶ್ನೆ, ಎಷ್ಟು ತಾಸು ಡಿಲೇ ಅಂತ. ನಾನು ಇದ್ದದ್ದು ಇದ್ದ ಹಾಗೆ ಬರೆದು ಕೊಟ್ಟೆ. 20 ಮಂದಿಗೆ ಒಬ್ಬ ಗೈಡ್ ಬೇಕು, ಕಾಡಿಗೆ ಮೂರು ತಾಸು ಬೇಕು, ಅಟೆಂಡೆನ್ಸ್ ಕಾಗದದ ಮೇಲೆ ಇರಬೇಕು ಅಂತ ಕೇಳಿದೆ. ಕಾಗದಕ್ಕೆ ಒಪ್ಪಿದ್ದಾರೆ. ಎರಡನೇ ಗೈಡ್ ಫೀಸು ಪ್ಯಾಕೇಜಿನಲ್ಲಿ ಕೂರೋದಿಲ್ಲವಂತೆ. ಮುಂದಿನ ಟ್ರಿಪ್ಪಿಗೆ ಆ ಫೀಸು ನನ್ನ ಭತ್ಯೆಯಿಂದ ಕೊಡುತ್ತೇನೆ ಅಂತ ಗೈಡ್ ಅಣ್ಣನಿಗೆ ಫೋನ್ ಮಾಡಿ ಹೇಳಿದ್ದೇನೆ. ಅವರ ತಮ್ಮ ಬರುತ್ತಾನಂತೆ, ಸಾಲಿನ ಕೊನೆಗೆ ನಡೆಯಲು.